ವೀರೇಶನ ಕೋಲಿಗೆ ಏಳು ತೊಗಲಬಿಲ್ಲೆ

೨೦೦೮ನೆಯ ಇಸವಿ, ಆಗ ನನಗೆ ಮೂವತ್ತೊಂಬತ್ತು ವರ್ಷ. ನಾರಾಯಣಪೇಟೆಯ ಖಾಸಗಿ ಶಾಲೆಯೊಂದರಲ್ಲಿ ಹದಿನಾಲ್ಕು ವರ್ಷ ಕನ್ನಡ ಕಲಿಸಿದ್ದೆ. ಕಲಿಯುವ ಮಕ್ಕಳು ಸಾಲದೆ ಶಾಲೆ ಮುಚ್ಚಿತು. ಮರುತಿಂಗಳು ಶರಣಪ್ಪ ಸಾವ್ಕಾರರು ನನ್ನನ್ನು ಕರೆಸಿಕೊಂಡರು. ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಈ ಮೂರೂ ಊರುಗಳಲ್ಲಿ ಅವರು, ಕೋಲಿನಿಂದ ಚೆಂಡು ಹೊಡೆದು ಕುಳಿಗೆ ಬೀಳಿಸುವ ಪೂಲ್ ಆಟದ ಮೇಜುಗಳನ್ನು ಹಾಕಿಸಿ ಆಟದಂಗಡಿ ನಡೆಸುತ್ತಿದ್ದರು.

"ಮಾಸ್ತರ್ರ, ನನ್ನ ಅಂಗಡ್ಯಾಗ ಆಡವ್ರು ಭಾಳ ಮಂದಿ, ಕೋಲು ನೋಡ್ಕೊಳ್ಳವ್ರು ಯಾರೂ ಇಲ್ಲ. ನೀವು ಶಾಲ್ಯಾಗ ಒಂದು ಒತ್ತಕ್ಷರ ತಪ್ಪಿದ್ರೂ ಬಿಡತಿದ್ದಿಲ್ಲಂತ. ನನಗ ಅಂಥವ್ರ ಬೇಕು" ಎಂದರು.

"ನನಗ ಆ ಆಟದ ಗಂಧನೂ ಗೊತ್ತಿಲ್ಲರೀ ಸಾವ್ಕಾರ್ರ."

"ಛಲೋ ಆತು. ಗೊತ್ತಿದ್ದವ್ರೆಲ್ಲ ಕೆಲಸ ಬಿಟ್ಟು ಆಡಾಕ ನಿಲ್ತಾರ."

ಹೀಗೆ ನಾನು ಮಾರ್ಕರ್ ಆದೆ. ಮೇಜಿನ ಹಸಿರು ಬಟ್ಟೆ, ಚೆಂಡುಗಳು, ಕೋಲುಗಳು ಸುಸ್ಥಿತಿಯಲ್ಲಿರುವಂತೆ ನೋಡಿಕೊಳ್ಳುವವನಿಗೆ ಆ ಹೆಸರು. ಕ್ಯೂ ಎಂಬುದನ್ನು ನಾನು ಕೋಲೆಂದೇ ಬರೆಯುತ್ತೇನೆ. ಅದರ ತುದಿಗೆ ಅಂಟಿಸುವ, ಅಂಗಿಯ ಗುಂಡಿಯಷ್ಟೇ ಅಗಲದ ತೊಗಲಿನ ಚೂರನ್ನು ತೊಗಲಬಿಲ್ಲೆ ಎನ್ನುತ್ತೇನೆ. ಈ ವೃತ್ತಿಗೆ ಹೊಸದಾಗಿ ಬರುತ್ತಿರುವವರು ಮೊದಲು ತಿಳಿಯಬೇಕಾದ ಮಾತೊಂದಿದೆ. ಮೇಜು ಎಷ್ಟೇ ದೊಡ್ಡದಿರಲಿ, ಕೋಲು ಎಷ್ಟೇ ಬೆಲೆಯದಿರಲಿ, ಚೆಂಡನ್ನು ಮುಟ್ಟುವುದು ಆ ಬಿಲ್ಲೆಯೊಂದೇ. ಅದನ್ನು ಆರಿಸುವುದೇ ನಮ್ಮ ಕೆಲಸದ ಮುಕ್ಕಾಲು ಪಾಲು.

ನನಗೆ ಕಲಿಸಿದವರು ಮಕ್ತಲ್‌ನ ಇಮಾಮ್ ಸಾಬರು. ಹೈದರಾಬಾದಿನ ಒಂದು ಕ್ಲಬ್ಬಿನಲ್ಲಿ ಮಾರ್ಕರ್ ಆಗಿ ಕೂದಲು ಬೆಳ್ಳಗೆ ಮಾಡಿಕೊಂಡು ಊರಿಗೆ ಮರಳಿದ್ದವರು. ಸಾವ್ಕಾರರು ನನ್ನನ್ನು ಒಂದು ತಿಂಗಳ ಮಟ್ಟಿಗೆ ಅವರ ಬಳಿಗೆ ಕಳುಹಿಸಿದರು. ಮೊದಲನೆಯ ದಿನ ಅವರು ಶಹಾಬಾದ್ ಕಲ್ಲಿನ ಕಟ್ಟೆಯ ಮೇಲೆ ಐದು ಬಿಲ್ಲೆಗಳನ್ನು ಸಾಲಾಗಿಟ್ಟು, ಯಾವುದು ಒಳ್ಳೆಯದೆಂದು ಕೇಳಿದರು. ನಾನು ಡಬ್ಬಿಯನ್ನು ತಿರುಗಿಸಿ, ಅದರ ಮೇಲೆ ಅಚ್ಚಾಗಿದ್ದ ದರ್ಜೆಯನ್ನು ಓದತೊಡಗಿದೆ.

"ಡಬ್ಬಿ ಓದಬ್ಯಾಡ್ರಿ ಮಾಸ್ತರ್ ಸಾಬ್, ತೊಗಲ ಓದ್ರಿ. ಡಬ್ಬಿ ಮ್ಯಾಲ ಬರದವ ಈ ತೊಗಲ ನೋಡೇ ಇಲ್ಲ."

ಆಮೇಲೆ ನಾಲ್ಕು ಪರೀಕ್ಷೆಗಳನ್ನು ಹೇಳಿದರು. ಅಂಚನ್ನು ಬೆಳಕಿಗೆ ಹಿಡಿದು ಪದರಗಳು ಬಿಟ್ಟುಕೊಂಡಿವೆಯೇ ಎಂದು ನೋಡುವುದು ಒಂದು. ಹೆಬ್ಬೆರಳ ಉಗುರನ್ನು ಒತ್ತಿ, ಗುರುತು ಎಷ್ಟು ಬೇಗ ಮಾಯುತ್ತದೆಂದು ನೋಡುವುದು ಎರಡು. ಕಲ್ಲಿನ ಮೇಲೆ ಗೇಣೆತ್ತರದಿಂದ ಬೀಳಿಸಿ ಸದ್ದು ಕೇಳುವುದು ಮೂರು. ಗಡಸು ತೊಗಲು ಟಿಕ್ಕೆನ್ನುತ್ತದೆ, ಮೆತ್ತನೆಯದು ಸುಮ್ಮನೆ ಮಲಗುತ್ತದೆ. ನಾಲ್ಕನೆಯದು, ಮೂಸಿ ನೋಡುವುದು.

ನಾನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದು, ಎರಡು, ಮೂರನ್ನು ಸವಿವರವಾಗಿ ಬರೆದುಕೊಂಡೆ. ನಾಲ್ಕು ಎಂದು ಅಂಕಿ ಹಾಕಿ, ಮುಂದೆ ಖಾಲಿ ಬಿಟ್ಟೆ. ನೆರೆದ ಜನರೆದುರು ತೊಗಲನ್ನು ಮೂಗಿಗೆ ಹಿಡಿಯುವುದು ಶಾಲೆಯಲ್ಲಿ ಪಾಠ ಹೇಳಿದವನಿಗೆ ತಕ್ಕುದಲ್ಲವೆಂದು ನನಗೆ ತೋರಿತ್ತು. ಅಳೆಯಲಾಗದ ಲಕ್ಷಣವನ್ನು ದಾಖಲಿಸುವುದಾದರೂ ಹೇಗೆಂಬ ತಕರಾರೂ ಇತ್ತು.

ಆ ವರ್ಷದ ದಸರೆಗೆ ನನ್ನ ಮೊದಲ ಪ್ರಮಾದ ನಡೆಯಿತು. ನಾರಾಯಣಪೇಟೆಯ ಅಂಗಡಿಯ ಹದಿನಾರು ಕೋಲುಗಳಿಗೂ ಒಂದೇ ದರ್ಜೆಯ, ಒಂದೇ ದಪ್ಪದ ಗಡಸು ಬಿಲ್ಲೆಗಳನ್ನು ಅಂಟಿಸಿ, ಒಂದರಿಂದ ಹದಿನಾರರವರೆಗೆ ಅಂಕಿ ಬರೆದು, ಸಾಲಾಗಿ ನಿಲ್ಲಿಸಿದೆ. ನೋಡಲು ಬಲು ಚೆಂದವಿತ್ತು. ಮರುದಿನ ಅರ್ಧಕ್ಕರ್ಧ ಆಟಗಾರರ ಹೊಡೆತ ಚೆಂಡಿನ ಮೇಲೆ ಜಾರಿತು. ಕಿರಾಣಿ ಅಂಗಡಿಯವರೊಬ್ಬರು ಕೋಲನ್ನು ಮರಳಿ ನನ್ನ ಕೈಗಿತ್ತು, "ಮಾಸ್ತರ್ರ, ಎಲ್ಲಾ ಕೋಲಿಗೂ ಯೂನಿಫಾರಂ ಹೊಲಿಸೀರೇನು?" ಎಂದರು. ಸುದ್ದಿ ಮಕ್ತಲ್‌ಗೂ ಮುಟ್ಟಿತು. ಇಮಾಮ್ ಸಾಬರು ಬೈಯಲಿಲ್ಲ. "ತೊಗಲ ಆರಿಸೋದಕ್ಕಿಂತ ಮೊದಲ ಕೈ ನೋಡ್ರಿ. ಜೋರು ಕೈಗೆ ಗಡಸು, ನಾಜೂಕು ಕೈಗೆ ಮೆತ್ತಗ. ಕೈ ಗೊತ್ತಿಲ್ಲಂದ್ರ ನಡುವಿಂದು. ಬಸ್" ಎಂದರು.

ಆ ಮಾತನ್ನು ಬಿಡಿಸಿ ಹೇಳುತ್ತೇನೆ. ಮೆತ್ತನೆಯ ಬಿಲ್ಲೆ, ಹೊಡೆತ ಜಾರದಿರಲೆಂದು ತುದಿಗೆ ಹಚ್ಚುವ ಚಾಕ್ ಪುಡಿಯನ್ನು ಚೆನ್ನಾಗಿ ಹಿಡಿಯುತ್ತದೆ. ಚೆಂಡಿಗೆ ಬೇಕಾದ ತಿರುವು ಕೊಡುತ್ತದೆ. ಆದರೆ ಬೇಗ ಚಪ್ಪಟೆಯಾಗಿ, ಅಣಬೆಯಂತೆ ಅಂಚಿನಾಚೆಗೆ ಅರಳುತ್ತದೆ. ವಾರಕ್ಕೊಮ್ಮೆ ಅಂಚನ್ನು ಕತ್ತರಿಸಬೇಕು. ಗಡಸು ಬಿಲ್ಲೆ ಆಕಾರ ಕೆಡಿಸಿಕೊಳ್ಳುವುದಿಲ್ಲ, ಆದರೆ ಚಾಕ್ ಹಚ್ಚಲು ಮರೆತವನನ್ನು ಕ್ಷಮಿಸುವುದೂ ಇಲ್ಲ. ಯಾವುದನ್ನೇ ಅಂಟಿಸಿರಿ, ಗುಮ್ಮಟದಂತೆ ಉಬ್ಬಿದ ಅದರ ತಲೆ ಒಂದು ರೂಪಾಯಿ ನಾಣ್ಯದ ಅಂಚಿನ ಬಾಗಿಗೆ ಸರಿಹೊಂದುವಂತೆ ಅರದಿಂದ ಉಜ್ಜಿರಿ.

ನಾನು ಸೇರಿದಾಗ ಬಿಲ್ಲೆಗಳು ಒಂದೇ ಪದರದ ದಪ್ಪ ತೊಗಲಿನವು. ಕಾಯಿಸಿದ ಅಂಟು ಹಚ್ಚಿ ಒಂದು ಹಗಲು ಕಟ್ಟಿಡಬೇಕಿತ್ತು. ಅನಂತರ ಪದರ ಪದರವಾಗಿ ಒತ್ತಿದ ಬಿಲ್ಲೆಗಳು ಬಂದವು, ಉಸಿರು ಬಿಡುವಷ್ಟರಲ್ಲಿ ಹಿಡಿಯುವ ಅಂಟು ಬಂದಿತು. ಕೆಲಸ ಬೇಗವಾಯಿತು, ತಪ್ಪು ತಿದ್ದುವ ಅವಕಾಶ ಹೋಯಿತು. ಒಮ್ಮೆ ಮಕ್ತಲ್‌ನಲ್ಲಿ ನನ್ನ ಹೆಬ್ಬೆರಳೇ ಕೋಲಿಗೆ ಅಂಟಿಕೊಂಡಿತು. ಬಸ್ಸು ತಪ್ಪಬಾರದೆಂದು ಕೋಲಿನೊಡನೆಯೇ ಹತ್ತಿದೆ. ಕಂಡಕ್ಟರ್ ನನ್ನನ್ನೂ ಅದನ್ನೂ ನೋಡಿ, "ಇದಕ್ಕ ಹಾಫ್ ಟಿಕೆಟ್ ಹರೀಲೇನ್ರೀ ಸರ್?" ಎಂದ.

ಇಮಾಮ್ ಸಾಬರಿಂದ ಬಂದ ಇನ್ನೊಂದು ಕಟ್ಟಳೆಯನ್ನು ಸಾವ್ಕಾರರು ಮೂರು ಅಂಗಡಿಗಳಲ್ಲೂ ಕಾಯಿದೆ ಮಾಡಿದ್ದರು. ಹೊಸ ಬಿಲ್ಲೆ ಅಂಟಿಸಿದ ಕೋಲಿನಿಂದ ಮಾರ್ಕರ್ ತಾನೇ ಮೂರು ಹೊಡೆತ ಹೊಡೆದು ತೋರಿಸಬೇಕು. ಮೊದಲನೆಯದರಲ್ಲಿ ಬಿಳಿ ಚೆಂಡು ನೇರ ಹೋಗಿ, ಎದುರು ಅಂಚಿಗೆ ಬಡಿದು, ಮರಳಿ ಕೋಲಿನ ತುದಿಗೇ ಬರಬೇಕು. ಎರಡನೆಯದರಲ್ಲಿ ಅದು ಬಣ್ಣದ ಚೆಂಡಿಗೆ ಬಡಿದು ಅದರ ಬೆನ್ನು ಹತ್ತಬೇಕು. ಮೂರನೆಯದರಲ್ಲಿ ಬಡಿದ ಮೇಲೆ ಹಿಂದಕ್ಕೆ ಬರಬೇಕು. ಈ ಹಿಂಬರುವ ಹೊಡೆತಕ್ಕೆ ಬಿಳಿ ಚೆಂಡಿನ ಕೆಳಭಾಗಕ್ಕೆ ಹೊಡೆಯಬೇಕಾಗುತ್ತದೆ. ಬಿಲ್ಲೆ ಕೆಟ್ಟಿದ್ದರೆ ಜಾರುವುದು ಅಲ್ಲಿಯೇ.

೨೦೨೨ರ ಹೊತ್ತಿಗೆ ನನ್ನ ಬಲಗೈಯ ಹೆಬ್ಬೆರಳ ಗೆಣ್ಣು ಹಿಡಿದುಕೊಂಡಿತು. ಬ್ಲೇಡು ಹಿಡಿದು ಅಂಚು ಕತ್ತರಿಸುವುದು ಆಗದಾಯಿತು. ಬರುವ ಯುಗಾದಿಗೆ ಬಿಡುತ್ತೇನೆಂದು ಸಾವ್ಕಾರರಿಗೆ ತಿಳಿಸಿ, ನನ್ನ ಜಾಗಕ್ಕೆ ವೀರೇಶನ ಹೆಸರು ಹೇಳಿದೆ.

ವೀರೇಶ ಗದ್ವಾಲಿನ ನೇಕಾರ. ಮೂವತ್ತನಾಲ್ಕರ ಪ್ರಾಯ. ಮೂರೂ ಊರುಗಳಲ್ಲಿ ಅವನಷ್ಟು ಹದವಾದ ಕೈಯನ್ನು ನಾನು ಕಂಡಿರಲಿಲ್ಲ. ಆ ವರ್ಷದ ಮಳೆಗಾಲದಲ್ಲಿ ಧರೂರಿನ ರಸ್ತೆಯಲ್ಲಿ ಗಾಡಿಯಿಂದ ಬಿದ್ದು ಬಲ ಮೊಣಕೈ ಮುರಿದುಕೊಂಡಿದ್ದ. ಎಲುಬು ಕೂಡಿತು, ಆದರೆ ಕೈ ಪೂರ್ತಿ ಚಾಚದಾಯಿತು. ಇಡೀ ದಿನ ಮಗ್ಗದಲ್ಲಿ ಕುಳಿತು ಲಾಳಿಯ ಹಗ್ಗ ಜಗ್ಗುವುದು ಇನ್ನು ಸಾಧ್ಯವಿರಲಿಲ್ಲ. ಮಾರ್ಕರ್ ಕೆಲಸ ಸಿಕ್ಕರೆ ಅವನ ಮನೆ ನಿಲ್ಲುತ್ತಿತ್ತು.

ಸಾವ್ಕಾರರು ನನ್ನ ಮಾತನ್ನು ಪೂರ್ತಿ ಕೇಳಿ, "ಅವ ಮೂರು ಹೊಡತ ಹೊಡದು ತೋರಿಸಿದ್ರ ಅವನಾ ಮಾರ್ಕರ್. ಇಲ್ಲಂದ್ರ ರಾಯಚೂರಿನವ ಒಬ್ಬ ಬರತೀನಿ ಅಂದಾನ. ಸಿಟ್ಟಾಗಬ್ಯಾಡ್ರಿ ಮಾಸ್ತರ್ರ. ತಾ ಹಚ್ಚಿದ ತೊಗಲ ತಾನ ಹೊಡದು ನೋಡಲಾರದವನ್ನ ಕುಂದ್ರಿಸಿದ್ರ, ಆಡಾಕ ಬಂದವ್ರು ನನ್ನ ಹೊಡದು ನೋಡತಾರ" ಎಂದರು. ಅವರು ಗದ್ವಾಲಿಗೆ ಬರುತ್ತಿದ್ದುದು ಸೋಮವಾರಗಳಂದು. ನಾನು ಅಲ್ಲಿಗೆ ಹೋಗುತ್ತಿದ್ದುದು ಸೋಮವಾರ ಮತ್ತು ಗುರುವಾರ.

ಸಂಕ್ರಾಂತಿ ಮುಗಿದ ಗುರುವಾರ ವೀರೇಶನಿಗೊಂದು ಕೋಲನ್ನು ಗೊತ್ತು ಮಾಡಿದೆ. ಮೊಟಕು ಕೈಯ ಬಲವನ್ನು ಮೆತ್ತನೆಯ ತೊಗಲು ನುಂಗಿಬಿಡುತ್ತದೆ. ಗಡಸು ತೊಗಲಿಗೆ ಆ ಕೈಯ ವೇಗ ಸಾಲದು. ಆದುದರಿಂದ ನಡುವಿನ ದರ್ಜೆಯ ಪದರದ ಬಿಲ್ಲೆಯನ್ನು ಆರಿಸಿ, ತುಸು ತೆಳುವಾಗಿಸಿ ಅಂಟಿಸಿದೆ. ಮೂರು ಹೊಡೆತಗಳೂ ಸರಿಯಾಗಿ ಬಂದವು. ಕೋಲನ್ನು ಮನೆಗೆ ಒಯ್ದು, ದಿನಕ್ಕೆ ಎರಡು ಹೊತ್ತು ಮಂಚದ ಅಂಚಿನ ಮೇಲಿಟ್ಟು ಕೈ ಚಾಚುವ ಅಭ್ಯಾಸ ಮಾಡಬೇಕೆಂದು ಹೇಳಿದೆ. ಈ ಆಜ್ಞೆ ನನ್ನದೇ ಎಂಬುದನ್ನು ಓದುಗರು ನೆನಪಿಡಬೇಕು.

ಸೋಮವಾರ ಸಾವ್ಕಾರರೆದುರು ಮೂರನೆಯ ಹೊಡೆತದಲ್ಲಿ ಬಿಲ್ಲೆ ಜಾರಿತು. ಟಕ್ಕೆಂದು ಒಣ ಸದ್ದಾಗಿ ಬಿಳಿ ಚೆಂಡು ಪಕ್ಕಕ್ಕೆ ಓಡಿತು. ಗುರುವಾರ ಆ ಬಿಲ್ಲೆಯನ್ನು ಕಿತ್ತು ಡಬ್ಬಿಯಲ್ಲಿಟ್ಟು, ಬೇರೊಂದನ್ನು ಅಂಟಿಸಿದೆ. ಅಂದು ಹೊಡೆತ ಸರಿ. ಸೋಮವಾರ ಮತ್ತೆ ಜಾರಿತು. ಮೆತ್ತನೆಯದನ್ನು ನೋಡಿದೆ, ಗಡಸಿನದನ್ನು ನೋಡಿದೆ, ಹಳೆಯ ಕಾಲದ ಒಂಟಿ ತೊಗಲಿನದನ್ನೂ ನೋಡಿದೆ. ದರ್ಜೆ, ದಪ್ಪ, ಸದ್ದು, ಫಲ ಎಂದು ಪುಸ್ತಕದಲ್ಲಿ ನಾಲ್ಕು ಅಂಕಣ ಹಾಕಿ ಎಲ್ಲವನ್ನೂ ಬರೆದೆ. ಗುರುವಾರ ಬದುಕಿದ್ದ ತೊಗಲು ಸೋಮವಾರಕ್ಕೆ ಸಾಯುತ್ತಿತ್ತು. ನಾಲ್ಕು ದಿನ ಬಾಳದ ತೊಗಲು ಬರುತ್ತಿದೆಯೆಂದು ಹೈದರಾಬಾದಿನ ಅಂಗಡಿಯವರಿಗೆ ಕಟುವಾದ ಪತ್ರವನ್ನೂ ಬರೆದೆ.

ಮಾರ್ಚ್ ಮೊದಲ ವಾರದ ಸೋಮವಾರ ಏಳನೆಯ ಬಿಲ್ಲೆಯೂ ಜಾರಿತು. ಸಾವ್ಕಾರರು ಕನ್ನಡಕ ಒರೆಸಿಕೊಂಡರು. ಅವರು ಹೋದ ಮೇಲೆ ವೀರೇಶ ಕೋಲನ್ನು ಮೇಜಿನ ಮೇಲೆ ಮಲಗಿಸಿದ.

"ರಾಯಚೂರಿನವ್ರನ್ನ ಕರಸ್ರಿ ಸರ್. ನನ್ನ ಕೈಯಾಗ ಇನ್ನ ಏನೂ ಉಳಿದಿಲ್ಲ."

"ಕೈ ಛಲೋ ಐತಿ ತಮ್ಮಾ. ತೊಗಲ ಸರಿ ಇಲ್ಲ."

"ಏಳು ತೊಗಲ ಸುಳ್ಳ ಹೇಳತಾವೇನ್ರೀ?"

ಆ ಗುರುವಾರ ಹೈದರಾಬಾದಿನಿಂದ ಬರಬೇಕಿದ್ದ ಬಿಲ್ಲೆಗಳು ಬರಲಿಲ್ಲ. ಕೈಯಲ್ಲಿ ಬೇರೇನೂ ಇಲ್ಲದೆ, ಜಾರಿದ ಬಿಲ್ಲೆಯನ್ನೇ ಅರದಿಂದ ನಾಲ್ಕು ಸಲ ಉಜ್ಜಿ, ಚಾಕ್ ಹಚ್ಚಿ, ಸುಮ್ಮನೆ ಹೊಡೆಯಲು ಹೇಳಿದೆ. ಮೂರು ಹೊಡೆತಗಳೂ ಬಂದವು. ಸೋಮವಾರ ಸತ್ತ ತೊಗಲು ಗುರುವಾರ ಎದ್ದು ಕುಳಿತಿತ್ತು. ಸಾವ್ಕಾರರು ಇಲ್ಲದ ದಿನ ಸರಿ, ಇರುವ ದಿನ ತಪ್ಪು. ಹಾಗಾದರೆ ಇದು ಭಯವೇ ಎಂದು ತೀರ್ಮಾನಿಸಿದೆ. ಭಯಕ್ಕೆ ಯಾವ ದರ್ಜೆಯ ಬಿಲ್ಲೆಯೆಂದು ಕೇಳಲು, ಕಿತ್ತ ಬಿಲ್ಲೆಗಳ ಡಬ್ಬಿ ಹಿಡಿದುಕೊಂಡು ಶನಿವಾರ ಮಕ್ತಲ್‌ನಲ್ಲಿ ಇಮಾಮ್ ಸಾಬರ ಮನೆಗೆ ಹೋದೆ.

ಅವರಿಗೆ ಆಗ ಕಣ್ಣು ಮಂದವಾಗಿತ್ತು. ನಾನು ನಾಲ್ಕು ಅಂಕಣಗಳನ್ನೂ ಓದಿ ಹೇಳುತ್ತಿದ್ದೆ. ಅವರು ಕೇಳುತ್ತಲೇ ಡಬ್ಬಿಯ ಮುಚ್ಚಳ ತೆಗೆದು, ಒಂದು ಬಿಲ್ಲೆಯನ್ನು ಮೂಗಿಗೆ ಹಿಡಿದರು. ಇನ್ನೊಂದನ್ನೂ ಹಿಡಿದರು.

"ಮಾಸ್ತರ್ ಸಾಬ್, ಇದಕ್ಕ ಒಗ್ಗರಣಿ ಹಾಕೀರೇನು?"

"ಏನಂದ್ರಿ?"

"ಕೊಬ್ಬರಿ ಎಣ್ಣಿ ನಾರತೈತಿ. ಆರಕ್ಕ ಆರೂ. ತೊಗಲಿಗೆ ಎಣ್ಣಿ ತಾಗಿದ್ರ ಚಾಕ್ ಹೆಂಗ ನಿಲ್ತೈತಿ? ಎರಡು ದಿನ ಬಿಟ್ಟು ಅರದಿಂದ ಉಜ್ಜಿದ್ರ ಮ್ಯಾಲಿನ ಎಣ್ಣಿ ಹೋಗಿ ಮತ್ತ ಹಿಡೀತೈತಿ. ಮೂಸಿ ನೋಡ್ರಿ ಅಂತ ಮೊದಲ ದಿನನ ಹೇಳಿದ್ನಲ್ಲ?"

ಹೇಳಿದ್ದರು. ನಾನು ಅಂಕಿಯೊಂದನ್ನು ಹಾಕಿ ಖಾಲಿ ಬಿಟ್ಟಿದ್ದೆ. ಅಲ್ಲಿಯೇ ಕುಳಿತು ಪುಸ್ತಕದ ತಾರೀಕುಗಳನ್ನು ತೊಗಲಿನ ಜಾತಿಯ ಬದಲು ವಾರದ ಪ್ರಕಾರ ಮತ್ತೆ ಓದಿದೆ. ಸಾವ್ಕಾರರಲ್ಲದೆ ಇನ್ನೇನೋ ಒಂದು ಸೋಮವಾರ ತಪ್ಪದೆ ನಡೆಯುತ್ತಿತ್ತು.

ಸೋಮವಾರ ಬೆಳಗಿನ ಮೊದಲ ಬಸ್ಸಿಗೆ, ಜೂರಾಲ ಅಣೆಕಟ್ಟೆ ದಾಟಿ, ನೇರವಾಗಿ ವೀರೇಶನ ಮನೆಗೆ ಹೋದೆ. ವೀರೇಶ ಸ್ನಾನಕ್ಕೆ ಹೋಗಿದ್ದ. ಅವನ ತಾಯಿ ನೀಲಮ್ಮನವರು ಹಣೆಗೆ ವಿಭೂತಿ ಹಚ್ಚಿಕೊಂಡು ಮಗ್ಗದ ಪೂಜೆಗೆ ನಿಂತಿದ್ದರು. ಮಗ್ಗದ ಪಕ್ಕದ ಮೂಲೆಯಲ್ಲಿ ಕೋಲು, ತೊಗಲಿನ ತುದಿ ಮೇಲಾಗಿ ನಿಂತಿತ್ತು. ಅದಕ್ಕೂ ಮೂರೆಳೆ ವಿಭೂತಿ, ಒಂದು ಚೆಂಡುಹೂವು. ಅವರು ಬಟ್ಟಲಿನಲ್ಲಿ ಬೆರಳದ್ದಿ, ಮೊದಲು ಲಾಳಿಯ ಮೂತಿಗೆ ಎಣ್ಣೆ ಸವರಿದರು. ಅನಂತರ ಅದೇ ಬೆರಳನ್ನು ಬಿಲ್ಲೆಗೆ ಒತ್ತಿದರು.

"ಯವ್ವಾ, ಅದಕ್ಕ ಎಣ್ಣಿ ಯಾಕ ಹಚ್ಚತೀರಿ?"

"ಬರ್ರಿ ಮಾಸ್ತರ್ರ, ಕುಂದರ್ರಿ. ಲಾಳಿ ಮೂತಿಗೆ ಎಣ್ಣಿ ಇಲ್ಲಂದ್ರ ನೂಲು ಹರೀತೈತಿ. ಸೋಮಾರಕ್ಕೊಮ್ಮೆ ಹಚ್ಚಿದ್ರ ಸರಳ ಓಡತೈತಿ. ನಮ್ಮ ವೀರೇಶಗ ಈಗ ಇದ ಲಾಳಿ ಅಲ್ರೀ. ಕೈ ಅಂತೂ ಮೊದಲಿನಂಗ ಚಾಚಂಗಿಲ್ಲ, ಕೋಲರ ಜಾರಿ ಓಡಲಿ ಅಂತ."

ಮೂವತ್ತು ವರ್ಷ ಮಗ್ಗದ ಬದಿಯಲ್ಲಿ ಬಾಳಿದವರ ತರ್ಕ ಅದು. ಅದರಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ, ಉಪಕರಣವೊಂದನ್ನು ಬಿಟ್ಟು.

"ಲಾಳಿ ಜಾರಬೇಕು ಯವ್ವಾ, ಇದು ಜಾರಬಾರದು. ಇದು ಚೆಂಡು ಹಿಡೀಬೇಕು. ಎಣ್ಣಿ ಇದ್ರ ಹಿಡಿಯಂಗಿಲ್ಲ."

ಬಟ್ಟಲು ಅವರ ಕೈಯಲ್ಲಿಯೇ ನಿಂತಿತು. "ಹಂಗಾರ ಇಷ್ಟು ದಿನ ನಾನಾ ಅವನ ಕೈ ಹಿಡದು ಹಿಂದಕ್ಕ ಜಗ್ಗೀನೇನ್ರಿ?"

"ನಿಮ್ಮದು ಒಂದು ಬೆರಳಿನ ತಪ್ಪು. ನಂದು ಏಳು ಬಿಲ್ಲಿ ತಪ್ಪು. ಮೂಸಿ ನೋಡು ಅಂತ ನನಗ ಹೇಳಿದ್ರು, ನಾ ನೋಡಲಿಲ್ಲ."

ಅವರು ಬಟ್ಟಲನ್ನು ಮಗ್ಗದ ಮೇಲಿಟ್ಟು, "ಪೂಜಿ ಬಿಡಾಕ ಬರಂಗಿಲ್ಲರಿ. ಅವನ ಕೈ ಸಲುವಾಗಿ ಹರಕಿ ಹೊತ್ತೀನಿ" ಎಂದರು. ಆಮೇಲೆ ಅವರೇ ಕೋಲನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಇದರ ಪಾದ ಯಾವ ಕಡೀಗೈತ್ರಿ?"

ನೆಲಕ್ಕೆ ಊರುವ ದಪ್ಪ ತುದಿಯನ್ನು ತೋರಿಸಿದೆ.

"ಮತ್ತ ಪೂಜಿ ಪಾದಕ್ಕ ಮಾಡಾದು. ತಲಿಗೆ ಹಚ್ಚಿದ್ದ ನಂದ ತಪ್ಪು ಬಿಡ್ರಿ" ಎಂದು, ಕೋಲನ್ನು ಎತ್ತಿ ಹಿಡಿಯಲು ನನಗೆ ಹೇಳಿ, ಅದರ ಬುಡಕ್ಕೆ ಎಣ್ಣೆ ಸವರಿದರು. ಅಷ್ಟರಲ್ಲಿ ವೀರೇಶ ತಲೆ ಒರೆಸಿಕೊಳ್ಳುತ್ತ ಬಂದ.

"ಯವ್ವಾ, ಇಬ್ರೂ ಕೂಡಿ ಏನ್ ನಡಸೀರಿ?"

"ನಿನ್ನ ಕೋಲಿನ ಕಾಲು ಹಿಡದೀವಿ" ಎಂದರು ನೀಲಮ್ಮನವರು.

ಅವನು ಪೂಜೆಯನ್ನು ಬಲ್ಲನು, ಎಣ್ಣೆಯನ್ನು ಕಂಡಿರಲಿಲ್ಲ. ವಿಷಯ ತಿಳಿದಾಗ ಮಗ್ಗದ ಕಟ್ಟೆಯ ಮೇಲೆ ಕುಳಿತು, ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡನು. ಆ ದಿನ ಪರೀಕ್ಷೆ ಬೇಡವೆಂದು, ಒಂದು ವಾರ ತಾಳಬೇಕೆಂದು ಸಾವ್ಕಾರರನ್ನು ಬೇಡಿಕೊಂಡೆ. "ಇನ್ನೊಂದ ಸೋಮಾರ ಉಳಿದೈತಿ ಮಾಸ್ತರ್ರ. ಆಮ್ಯಾಲ ಉಗಾದಿ" ಎಂದರು.

ಗುರುವಾರ ಎಂಟನೆಯ ಬಿಲ್ಲೆಯನ್ನು ಆರಿಸಿದೆ. ನಡುವಿನ ದರ್ಜೆ, ಪದರದ ತೊಗಲು, ತುಸು ತೆಳು, ಮೊದಲನೆಯದರ ತದ್ರೂಪು. ನನ್ನ ಮೊದಲ ಆಯ್ಕೆಯೇ ಸರಿಯಾಗಿತ್ತು; ಅದನ್ನು ನಂಬುವ ಮೊದಲು ಆರು ತೊಗಲುಗಳನ್ನು ದೂರಿದ್ದೆ. ಅಂಟಿಸುವ ಮುನ್ನ ಅಂಗಡಿಯಲ್ಲಿದ್ದ ಐದಾರು ಜನರೆದುರು ಅದನ್ನು ಮೂಗಿಗೆ ಹಿಡಿದೆ. ತೊಗಲಿನ ವಾಸನೆಯ ಹೊರತು ಬೇರಾವುದೂ ಇರಲಿಲ್ಲ. ಯಾರೂ ನಗಲಿಲ್ಲ. ಹೈದರಾಬಾದಿನ ಅಂಗಡಿಯವರಿಗೆ ಕ್ಷಮೆ ಕೇಳಿ ಇನ್ನೊಂದು ಪತ್ರ ಬರೆದೆ.

ಕೊನೆಯ ಸೋಮವಾರ ಸಾವ್ಕಾರರು ಕುರ್ಚಿ ಹಾಕಿಸಿಕೊಂಡು ಕುಳಿತರು. ಕೋಲಿನ ಬುಡ ಎಣ್ಣೆಯಿಂದ ಹೊಳೆಯುತ್ತಿತ್ತು. ಮೊದಲನೆಯ ಹೊಡೆತ ಮರಳಿ ತುದಿಗೇ ಬಂದಿತು. ಎರಡನೆಯದು ಬೆನ್ನು ಹತ್ತಿತು. ಮೂರನೆಯದಕ್ಕೆ ವೀರೇಶ ಬಾಗಿ, ಚಾಚದ ಕೈಯನ್ನು ಚಾಚುವಷ್ಟು ಮಾತ್ರ ಚಾಚಿ ಹೊಡೆದ. ಬಿಳಿ ಚೆಂಡು ಬಣ್ಣದ ಚೆಂಡಿಗೆ ಬಡಿದು, ಒಂದು ಕ್ಷಣ ನಿಂತು, ಒಂದೂವರೆ ಗೇಣು ಹಿಂದಕ್ಕೆ ಬಂದಿತು.

"ಇನ್ನೊಮ್ಮೆ" ಎಂದರು ಸಾವ್ಕಾರರು.

ಇನ್ನೊಮ್ಮೆಯೂ ಬಂದಿತು.

"ಇಷ್ಟು ವಾರ ಹೆದರಿದ ಕೈ ಇವತ್ತ ಹೆಂಗ ಧೈರ್ಯ ಮಾಡ್ತಪಾ?"

"ಕೈ ಹೆದರಿದ್ದಿಲ್ಲರಿ ಸಾವ್ಕಾರ್ರ. ತಲಿಗೆ ಎಣ್ಣಿ ಹೆಚ್ಚಾಗಿತ್ತು."

ಸಾವ್ಕಾರರಿಗೆ ಅರ್ಥವಾಗಲಿಲ್ಲ, ಆದರೂ ನಕ್ಕು, ಗೋಡೆಯ ಮೊಳೆಯಲ್ಲಿದ್ದ ಅಂಗಡಿಯ ಕೀಲಿಗೊಂಚಲನ್ನು ತೆಗೆದು ಅವನ ಕೈಗಿತ್ತರು. ವೀರೇಶ ಅದನ್ನು ಬಲಗೈಯಿಂದಲೇ ತೆಗೆದುಕೊಂಡ.

ಶಾಲೆ ಮುಚ್ಚಿದಾಗ ನನ್ನನ್ನು ಕರೆದ ಸಾವ್ಕಾರರಿಗೂ, ಡಬ್ಬಿ ಓದುತ್ತಿದ್ದವನಿಗೆ ತೊಗಲು ಓದಿಸಿದ ಇಮಾಮ್ ಸಾಬರಿಗೂ, ತಮ್ಮ ತಪ್ಪನ್ನು ಒಂದು ಗಳಿಗೆಯಲ್ಲಿ ತಿದ್ದಿಕೊಂಡು ನನ್ನದನ್ನು ಎತ್ತಿ ಆಡದ ನೀಲಮ್ಮನವರಿಗೂ ನಾನು ಋಣಿ. ಹೊರಡುವ ಮುನ್ನ ಟಿಪ್ಪಣಿ ಪುಸ್ತಕವನ್ನು ವೀರೇಶನಿಗೆ ಕೊಡಲೆಂದು ತೆಗೆದು, ಅದರ ಮೊದಲ ಪುಟದಲ್ಲಿ ಹದಿನಾಲ್ಕು ವರ್ಷ ಖಾಲಿ ಉಳಿದಿದ್ದ ಸಾಲನ್ನು ತುಂಬಿದೆ. ನಾಲ್ಕು: ಮೂಸಿ ನೋಡುವುದು. ಪಕ್ಕದಲ್ಲಿ ರುಜು ಮಾಡಿ ತಾರೀಕು ಹಾಕಿದೆ: ೨೦೨೩ನೆಯ ಇಸವಿ ಮಾರ್ಚ್ ಇಪ್ಪತ್ತು, ಸೋಮವಾರ.